ಉಸಿರು ನೋಡುವ ಅರಳೆ

"ಈಗ ಬೆನ್ನು. ಬರ್ಕೊಳ್ಳಿ ಸ್ವಾಮಿ," ಎಂದಳು ಯಾವೋ ಸೂಲಗಿತ್ತಿ.

ಪರದೆಯಾಚೆ ಕುಂಚ ಕಾಗದದ ಮೇಲೆ ನಿಂತಿತು. "ಬೆನ್ನಿಗೇನಾಗಿದೆ?"

"ಏನಾಗಿದೆ ಅನ್ನೋದು ಆಮೇಲೆ. ಹೇಗಿದೆ ಅನ್ನೋದು ಮೊದಲು. ಹೆಗಲಿಂದ ಸೊಂಟದ ತನಕ ನೇರಳೆ ಬಣ್ಣ ಕಟ್ಟಿದೆ. ಬೆರಳಲ್ಲಿ ಒತ್ತಿದರೂ ಮಾಸ್ತಿಲ್ಲ. ಅದರ ಮೇಲೆ ಬಿಳೀ ಗೆರೆಗಳು. ಅಡ್ಡ ಒಂದು, ಉದ್ದ ಒಂದು, ಹೆಣೆದ ಹಾಗೆ."

"ಹೊಡೆದ ಬಾಸುಂಡೆಯೆ?"

"ಅಲ್ಲ. ಚಾಪೆ."

ಠಾಣಾಧಿಕಾರಿ ಕುವಾಂಗ್‌ಗೆ ಇನ್ನೂ ಇಪ್ಪತ್ತೆಂಟು. ರಾಜಧಾನಿಯಲ್ಲಿ ಪರೀಕ್ಷೆ ಗೆದ್ದು ಈ ರೇಷ್ಮೆ ಸೀಮೆಗೆ ಬಂದು ವರ್ಷ ತುಂಬಿರಲಿಲ್ಲ. ಹೆಂಗಸಿನ ಹೆಣವನ್ನು ಗಂಡಸು ಮುಟ್ಟುವಂತಿಲ್ಲ, ನೋಡುವಂತೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಠಾಣೆಯವರು ಯಾವೋಳ ಬಾಗಿಲು ತಟ್ಟುತ್ತಿದ್ದರು. ನಲವತ್ತು ವರ್ಷ ಊರಿನ ಮಕ್ಕಳನ್ನು ಹೊರತಂದ ಕೈ, ನಡುನಡುವೆ ಊರಿನ ಹೆಂಗಸರ ಹೆಣಗಳನ್ನೂ ಮಗುಚಿ ನೋಡಿತ್ತು.

ಇವತ್ತು ಹಲಗೆಯ ಮೇಲೆ ಮಲಗಿದ್ದವಳು ಮೋ ಮನೆಯ ಯಜಮಾನಿ, ಎಪ್ಪತ್ತೊಂದರ ಮುದುಕಿ. ನಿನ್ನೆ ಮಧ್ಯಾಹ್ನ ತೀರಿಕೊಂಡಳೆಂದು ಊರಿಗೆಲ್ಲ ಸಾರಿದ್ದರು. ಸಂಜೆಯ ಹೊತ್ತಿಗೆ ಮಗಳು ಫೆಂಗ್‌ಯಿ ಠಾಣೆಗೆ ಬಂದು, "ನಮ್ಮಮ್ಮ ತಾನಾಗಿ ಸಾಯಲಿಲ್ಲ, ಅತ್ತಿಗೆ ಏನೋ ಮಾಡಿದ್ದಾಳೆ" ಎಂದು ದೂರು ಕೊಟ್ಟಿದ್ದಳು.

ಅತ್ತಿಗೆ ಎಂದರೆ ರೌನಿಯಾಂಗ್. ಮುದುಕಿಯ ಒಬ್ಬನೇ ಮಗನ ಹೆಂಡತಿ. ಗಂಡ ಸತ್ತು ಒಂಬತ್ತು ವರ್ಷವಾದರೂ ಅತ್ತೆಯನ್ನು ಬಿಟ್ಟು ಹೋಗದವಳು.

ಯಾವೋ ಹೆಣವನ್ನು ಮೆಲ್ಲಗೆ ಅಂಗಾತ ಮಲಗಿಸಿ ಹೊದಿಕೆ ಎಳೆದಳು. ತಾಮ್ರದ ಬೋಗುಣಿಯಲ್ಲಿ ಕೈ ತೊಳೆದು ಪರದೆಯಾಚೆ ಬಂದಳು.

"ನಿನ್ನೆ ಮಧ್ಯಾಹ್ನ ಯಾವುದರ ಮೇಲೆ ಮಲಗಿದ್ದರು ಅಂತ ಬರೆದಿದ್ದೀರಿ?"

ಕುವಾಂಗ್ ಹಾಳೆ ತಿರುವಿದ. "ಎರಡು ರೇಷ್ಮೆ ಹಾಸಿಗೆ, ಒಂದರ ಮೇಲೊಂದು. ನೋಡಿದವರೆಲ್ಲ ಅದನ್ನೇ ಹೇಳಿದ್ದಾರೆ."

"ಜೀವ ಹೋದ ಮೇಲೆ ನೆತ್ತರು ಕೆಳಗಿಳಿದು ಕಟ್ಟೋಕೆ ಅರ್ಧ ದಿನ ಬೇಕು ಸ್ವಾಮಿ. ಆ ಅರ್ಧ ದಿನ ಇವರು ಮಲಗಿದ್ದು ಚಾಪೆ ಮೇಲೆ. ಹಾಸಿಗೆ ಬಂದಿದ್ದು ಆಮೇಲೆ. ಇನ್ನೊಂದು, ಹೊಟ್ಟೆಯ ಬಲಗಡೆ ಹಸುರು ತಿರುಗಿದೆ. ಈ ಹವೆಯಲ್ಲಿ ಒಂದು ದಿನಕ್ಕೆ ಹಾಗಾಗಲ್ಲ."

"ಅಂದರೆ?"

"ಇವರು ಹೋಗಿದ್ದು ನಿನ್ನೆ ಅಲ್ಲ. ಮೊನ್ನೆ."

ಕುವಾಂಗ್ ನಕ್ಕುಬಿಟ್ಟ. ಸಾವಿನ ಮನೆ ಎಂದು ನೆನಪಾಗಿ ತಕ್ಷಣ ಬಾಯಿ ಮುಚ್ಚಿಕೊಂಡ. "ಯಾವೋ ಅಮ್ಮ, ಮೊನ್ನೆ ಮಧ್ಯಾಹ್ನ ಅರಳೆ ಇಟ್ಟು ನೋಡಿದ್ದಾರೆ. ಊರ ಹಿರಿಯರೂ ಸೇರಿ ಹನ್ನೊಂದು ಜನ ಸಾಕ್ಷಿ. ಉಸಿರು ಇತ್ತು."

"ಅರಳೆ ಅಲ್ಲಾಡಿದ್ದಕ್ಕೆ ಹನ್ನೊಂದು ಜನ ಸಾಕ್ಷಿ," ಎಂದಳು ಯಾವೋ. "ಉಸಿರಿಗೆ ಯಾರು ಸಾಕ್ಷಿ?"

ಕೊನೆಗಾಲದವರ ಮೂಗಿನ ಕೆಳಗೆ ಹೊಸ ರೇಷ್ಮೆಯ ಅರಳೆ ಇಡುವುದು ಹಿಂದಿನಿಂದ ಬಂದ ಪದ್ಧತಿ. ಜೇಡರ ಬಲೆಗಿಂತ ಹಗುರಾದ ಅರಳೆ; ಎಷ್ಟು ಸಣ್ಣ ಉಸಿರಿದ್ದರೂ ನಡುಗುತ್ತದೆ. ನಡುಗುವುದು ನಿಂತ ಮೇಲೆಯೇ ಮನೆಯವರು ಅಳಬೇಕು, ಅದಕ್ಕೆ ಮುಂಚೆ ಅಳುವಂತಿಲ್ಲ. ಓದಿದವರು ಸಾವಿನ ಹೆಸರನ್ನೇ ಹೇಳುವುದಿಲ್ಲ. "ಅರಳೆ ಇಟ್ಟರು" ಎಂದರೆ ಸಾಕು, ಕೇಳಿದವರು ಟೋಪಿ ತೆಗೆಯುತ್ತಾರೆ.

"ಮೊನ್ನೆ ಒಂದು, ನಿನ್ನೆ ಒಂದು ಇಟ್ಟರಲ್ಲ, ಆ ಎರಡು ಅರಳೆ ಎಲ್ಲಿ?" ಎಂದು ಯಾವೋ ಕೇಳಿದಳು.

ಉತ್ತರ ಬಂದದ್ದು ಹಜಾರದ ಮೂಲೆಯಿಂದ. "ಎಲ್ಲಿರುತ್ತೆ? ಪೆಟ್ಟಿಗೇಲಿ. ಅಮ್ಮನ ಜತೆ ಹೋಗಬೇಕಲ್ಲ."

ಫೆಂಗ್‌ಯಿ ತೆರೆದ ಶವಪೆಟ್ಟಿಗೆಯ ಪಕ್ಕದಲ್ಲಿ ಒರಟು ಸೆಣಬಿನ ಬಟ್ಟೆ ಉಟ್ಟು ಕೂತಿದ್ದಳು. ಪಕ್ಕದೂರಿನ ದೊಡ್ಡ ಮನೆಯ ಸೊಸೆ ಅವಳು. ಎರಡು ದಿನದಿಂದ ಅತ್ತು ಕಣ್ಣು ಊದಿಕೊಂಡಿದ್ದವು, ದನಿ ಒಡೆದಿತ್ತು.

"ನೋಡಿದ್ದು ಮುಗೀತಾ ಅಜ್ಜಿ? ನಡುಮಧ್ಯಾಹ್ನದೊಳಗೆ ಮುಚ್ಚಳ ಬೀಳಬೇಕು ಅಂತ ಪಂಚಾಂಗದವರು ಹೇಳಿದ್ದಾರೆ. ಎರಡು ದಿನ ಅತ್ತಿಗೆ ಅಮ್ಮನ ಕೋಣೆಗೆ ಅಗುಳಿ ಹಾಕಿದ್ದು ಯಾಕೆ ಅಂತ ಕೇಳಿ ಅಂದ್ರೆ, ನೀವು ಅರಳೆ ಕೇಳ್ತಿದ್ದೀರಿ."

"ಕೇಳ್ತೀನಿ ಮಗಳೇ. ಅರಳೆಯನ್ನೇ ಮೊದಲು ಕೇಳ್ತೀನಿ."

ಅರಗಿನ ಸಣ್ಣ ಕರಂಡಕದಲ್ಲಿ ಎರಡು ಅರಳೆ ಇದ್ದವು. ಯಾವೋ ಅದನ್ನು ಬಾಗಿಲ ಬೆಳಕಿಗೆ ಒಯ್ದಳು. ನಿನ್ನೆಯದು ಬೇಯಿಸಿ ಹಿಂಜಿದ ಅರಳೆ, ಮೋಡದ ತುಣುಕಿನ ಹಾಗೆ ಮೆತ್ತಗೆ, ಹೊಳಪಿಲ್ಲ. ಮೊನ್ನೆಯದೂ ಹಾಗೆಯೇ. ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಾಗ ಮಾತ್ರ ಅದರಿಂದ ಏನೋ ಒಂದು ಮಿಂಚಿ ಮಾಯವಾಯಿತು. ಮತ್ತೆ ತಿರುಗಿಸಿದಳು. ಮತ್ತೆ ಮಿಂಚಿತು.

ಒಂದು ಎಳೆ. ಒಂದೇ ಗೂಡಿನಿಂದ ತೆಗೆದ ಒಂಟಿ ಎಳೆ, ಬೇಯಿಸದ್ದು, ಹುಳು ಬಿಟ್ಟ ಅಂಟು ಇನ್ನೂ ಹಾಗೇ ಇತ್ತು. ಒಂದು ಗೇಣಿನಷ್ಟು ಉದ್ದ ಗಾಳಿಯಲ್ಲಿ ತೇಲಿತು. ಅರಳೆಗೆ ಅದನ್ನು ಗಂಟು ಹಾಕಿತ್ತು. ಆ ಗಂಟು ಸಾಸಿವೆಗಿಂತ ಚಿಕ್ಕದು.

ಯಾವೋ ಬಹಳ ಹೊತ್ತು ಅದನ್ನೇ ನೋಡಿದಳು. ನೂಲು ಬಿಚ್ಚುವ ಹೆಂಗಸರು ಕಡಿದ ಎಳೆಗೆ ಎಳೆ ಕೂಡಿಸುವ ಗಂಟು ಅದು. ಈ ಊರಲ್ಲಿ ಒಂಟಿ ಎಳೆಯನ್ನು ಅಷ್ಟು ಸಣ್ಣದಾಗಿ ಗಂಟು ಹಾಕಬಲ್ಲ ಕೈ ಎರಡೇ ಇದ್ದವು. ಒಂದು ಕೈ ಈಗ ಹಲಗೆಯ ಮೇಲೆ ತಣ್ಣಗೆ ಮಲಗಿತ್ತು. ಇನ್ನೊಂದು ಅದೇ ಕೈಯಿಂದ ಕಲಿತದ್ದು.

ಕುವಾಂಗ್ ಹಿಂದೆ ಬಂದು ನಿಂತಿದ್ದ. ಅವನಿಗೆ ಎಳೆ ಕಾಣಲಿಲ್ಲ. ಯಾವೋಳ ಮುಖ ಕಂಡಿತು.

"ಸಾವು ಮುಚ್ಚಿಟ್ಟಿದ್ದರೆ ಗಡೀಪಾರು," ಎಂದ ಮೆಲ್ಲಗೆ. "ಕೊಂದಿದ್ದರೆ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎರಡರಲ್ಲಿ ಯಾವುದು?"

"ಒಂದು ಲೋಟ ಚಹಾ ಕುಡಿಯೋಷ್ಟು ಹೊತ್ತು ಕೊಡಿ ಸ್ವಾಮಿ. ನಾನೊಬ್ಬಳೇ ಮಾತಾಡ್ತೀನಿ."

"ಮುಚ್ಚಳಕ್ಕೆ ಹೊತ್ತಾಗ್ತಿದೆ."

"ಅದಕ್ಕೇ ಚಹಾ ಅಂದೆ, ಊಟ ಅನ್ನಲಿಲ್ಲ."

*

ರೌನಿಯಾಂಗ್ ಸೊಪ್ಪಿನ ಕೋಣೆಯಲ್ಲಿದ್ದಳು.

ಹಿಪ್ಪುನೇರಳೆ ಸೊಪ್ಪು ತುಂಬಿರುತ್ತಿದ್ದ ಬುಟ್ಟಿಗಳು ಖಾಲಿಯಾಗಿ ಒಂದರ ಮೇಲೊಂದು ಬೋರಲು ಬಿದ್ದಿದ್ದವು. ಅವಳು ನೆಲದ ಮೇಲೆ ಕೂತು, ಹುಳುಮನೆಯ ಕಾಗದದ ಗೋಡೆಗೆ ಕಿವಿಯಾನಿಸಿದ್ದಳು. ಮೈಮೇಲೆ ಸೂತಕದ ಸೆಣಬು ಬಿದ್ದ ಮೇಲೆ ಹುಳುಮನೆಗೆ ಕಾಲಿಡುವಂತಿಲ್ಲ. ನಿನ್ನೆ ಮಧ್ಯಾಹ್ನದಿಂದ ನೆರೆಮನೆಯ ಹೆಂಗಸರು ಒಳಗಿದ್ದರು.

ಯಾವೋಳನ್ನು ನೋಡಿ ಅವಳು ಕೇಳಿದ ಮೊದಲ ಮಾತು: "ಹುಲ್ಲು ಹತ್ತಿದವಾ ಅಮ್ಮ?"

"ಮುಕ್ಕಾಲು ಪಾಲು ಹತ್ತಿ ಗೂಡು ಕಟ್ಟಿವೆಯಂತೆ. ಉಳಿದವು ತಲೆ ಎತ್ತಿಕೊಂಡು ನಿಂತಿವೆಯಂತೆ."

"ಹಣ್ಣಾಗಿರ್ತವೆ. ಸಂಜೆಗೆ ಹತ್ತುತ್ತವೆ." ಅವಳ ಹೆಗಲು ಕೆಳಗಿಳಿಯಿತು. ಐದಾರು ದಿನದಿಂದ ನಿದ್ದೆ ಕಾಣದ ಮುಖ. ಬೆರಳ ಸಂದಿಗಳಲ್ಲಿ ಸೊಪ್ಪಿನ ಹಸುರು ಇನ್ನೂ ಹೋಗಿರಲಿಲ್ಲ.

ಯಾವೋ ಎದುರಿಗೆ ಕೂತಳು. ಈ ಹುಡುಗಿಯ ಒಂದೇ ಒಂದು ಹೆರಿಗೆ ಮಾಡಿಸಿದ್ದವಳು ಅವಳೇ. ಆ ಮಗು ಒಂಬತ್ತು ದಿನ ಇತ್ತು. ಹತ್ತನೆಯ ದಿನ ಅದರ ಮೂಗಿಗೆ ಅರಳೆ ಇಟ್ಟು ನೋಡಿದವಳೂ ಯಾವೋ.

"ಅರಳೆ ತಂದಿದ್ದೀನಿ," ಎಂದು ಕರಂಡಕ ತೆರೆದಳು.

ರೌನಿಯಾಂಗ್ ಒಮ್ಮೆ ನೋಡಿ ಕಣ್ಣು ತಿರುಗಿಸಿದಳು. "ಯಾಕೆ?"

"ಇದರಲ್ಲೊಂದು ಎಳೆ ಇದೆ."

"ಅರಳೇಲಿ ಎಳೆ ಇರದೆ ಇನ್ನೇನಿರುತ್ತೆ?"

"ಬೇಯಿಸಿದ ಅರಳೇಲಿ ಬೇಯಿಸದ ಎಳೆ ಹೇಗೆ ಬಂತವ್ವಾ? ಅದೂ ಗಂಟು ಹಾಕಿಕೊಂಡು?"

ಕಾಗದದ ಗೋಡೆಯಾಚೆ ಯಾರೋ ತಟ್ಟೆ ಸರಿಸಿದ ಸದ್ದಾಯಿತು. ರೌನಿಯಾಂಗ್ ಬೆಚ್ಚಿ ತುಟಿಯ ಮೇಲೆ ಬೆರಳಿಟ್ಟಳು.

"ಆ ಮಾತು ಮಾತ್ರ ಆಡಬೇಡಿ ಅಮ್ಮ. ಅವು ಕೇಳಿಸ್ಕೊಳ್ತವೆ."

ಯಾವ ಮಾತು ಎಂದು ಯಾವೋ ಕೇಳಬೇಕಾಗಿರಲಿಲ್ಲ. ಅವರ ನುಡಿಯಲ್ಲಿ ರೇಷ್ಮೆಗೂ ಸಾವಿಗೂ ಒಂದೇ ಸದ್ದು, ರಾಗ ಮಾತ್ರ ಬೇರೆ. ಅದೇ ಸದ್ದನ್ನು ಇನ್ನೊಂಚೂರು ಎಳೆದು ಹಾಡಿದರೆ ಹಂಬಲ ಎಂದಾಗುತ್ತದೆ. ಊರಿನ ಹುಡುಗಿಯರು ಸೊಪ್ಪು ಕೀಳುವಾಗ ಆ ಸದ್ದಿನ ಮೇಲೆ ಎಷ್ಟು ಪೋಲಿ ಹಾಡು ಕಟ್ಟಿದ್ದರೋ ಲೆಕ್ಕವಿಲ್ಲ. ಹುಳುವಿನ ಹತ್ತಿರ ಮಾತ್ರ ಮೂರರಲ್ಲಿ ಒಂದನ್ನು ಯಾರೂ ಬಾಯಿಗೆ ತರುವುದಿಲ್ಲ.

"ಆಡಲ್ಲ. ನೀನೂ ಆಡಬೇಡ. ಆದರೆ ಹೇಳು."

ರೌನಿಯಾಂಗ್ ಮಂಡಿ ತಬ್ಬಿಕೊಂಡಳು. ದನಿ ಕಾಗದದ ಗೋಡೆ ದಾಟದಷ್ಟು ಸಣ್ಣದಾಯಿತು.

"ಹತ್ತು ದಿನದ ಹಿಂದೆ ಅತ್ತೆ ನನ್ನ ಕೈ ಹಿಡ್ಕೊಂಡು ಹೇಳಿದರು. 'ಈ ಸಲ ನಾನು ಹುಳುವಿನ ಜತೆ ಓಟ ಕಟ್ಟಿದ್ದೀನಿ ಕಣೆ. ನಾನು ಮುಂದಾದರೆ ಯಾರಿಗೂ ಹೇಳಬೇಡ. ಅವು ಹುಲ್ಲು ಹತ್ತೋ ತನಕ ಬಾಯಿ ಮುಚ್ಕೊಂಡಿರು.' ನಾನು ಬೈದೆ. ಅಂಥ ಮಾತಾಡಬೇಡಿ ಅಂದೆ. ಅವರು ನಕ್ಕರು. 'ನಂಗೋಸ್ಕರ ಅಳೋಕೆ ನಿಂಗೆ ಮೂರು ವರ್ಷ ಇದೆ. ಹುಳುವಿಗೆ ಮೂರು ದಿನಾನೂ ಇಲ್ಲ' ಅಂದರು."

ಯಾವೋಗೆ ಆ ನಗು ಕಿವಿಯಲ್ಲಿ ಕೇಳಿಸಿದಂತಾಯಿತು. ಮುದುಕಿ ನಗುತ್ತಿದ್ದುದೇ ಹಾಗೆ, ಮೂಗಿನಲ್ಲಿ.

"ಊರಿನ ಅರವತ್ತು ಮನೆಗೆ ಮೊಟ್ಟೆ ಹೋಗೋದು ಈ ಮನೆಯಿಂದ ಅಮ್ಮ. ಅತ್ತೆಯ ಅತ್ತೆ ಕಾಲದ ತಳಿ. ಒಂದು ಬೆಳೆ ತಪ್ಪಿದರೆ ಚಿಟ್ಟೆ ಇಲ್ಲ, ಮೊಟ್ಟೆ ಇಲ್ಲ, ಅಲ್ಲಿಗೆ ಮುಗೀತು. ಮನೇಲಿ ಸೂತಕ ಅಂತ ಗೊತ್ತಾದರೆ ಹುಳೂನೆಲ್ಲ ಹೊಳೆಗೆ ಸುರೀತಾರೆ. ಮೊನ್ನೆ ಬೆಳಗ್ಗೆ ಅವು ಕೊನೇ ಪೊರೆ ಬಿಟ್ಟು, ನಾಲ್ಕನೇ ಜ್ವರ ಎದ್ದು ಆರನೇ ದಿನ. ಇನ್ನೊಂದು ದಿನ ಸಾಕಾಗಿತ್ತು. ಒಂದೇ ಒಂದು ದಿನ."

"ಬೆಳಗ್ಗೆ ಹೋಗಿ ನೋಡಿದೆ."

"ಗಂಜಿ ತಗೊಂಡು ಹೋದೆ. ಕೈ ಮುಟ್ಟಿದೆ, ತಣ್ಣಗಿತ್ತು. ಕಾಲು ತಣ್ಣಗಿತ್ತು. ನಾಡಿ ಹಿಡಿದೆ, ಸಿಗಲಿಲ್ಲ. ಕರೆದೆ..." ಅವಳು ನಿಲ್ಲಿಸಿದಳು. ಸೆಣಬಿನ ತೋಳನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮತ್ತೆ ಶುರು ಮಾಡಿದಳು. "ಅಳಲಿಲ್ಲ ಅಮ್ಮ. ಗಂಜಿ ನಾನೇ ಕುಡಿದೆ. ಖಾಲಿ ಬಟ್ಟಲು ಹೊರಗೆ ತಂದೆ. ಎಲ್ಲರೂ ನೋಡ್ಲಿ ಅಂತ."

ಯಾವೋ ಅವಳ ಮಂಡಿಯ ಮೇಲೆ ಕೈಯಿಟ್ಟಳು.

"ಫೆಂಗ್‌ಯಿ ಬಂದಿದ್ದಳಲ್ಲ, ಅವಳಿಗೆ ಅನುಮಾನ. ಅಮ್ಮನಿಗೆ ತುಂಬಾ ಆಗಿದೆ, ಹಿರಿಯರನ್ನ ಕರೆಸಿ ಅರಳೆ ಇಡಿಸು ಅಂತ ಹಟ. ಆಗೋಲ್ಲ ಅಂತ ಹೇಗೆ ಹೇಳಲಿ? ನಾನೇ ಇಡ್ತೀನಿ ಅಂದೆ. ಬಿಸಿನೀರಲ್ಲಿ ಒಂದು ಗೂಡು ಅದ್ದಿ ಒಂಟಿ ಎಳೆ ತೆಗೆದು ಅರಳೆಗೆ ಕಟ್ಟಿದೆ. ಇನ್ನೊಂದು ತುದಿ ನನ್ನ ಕಿರುಬೆರಳಿಗೆ. ತೋಳಿನೊಳಗೆ ಬೆರಳು ಆಡಿಸಿದರೆ ಸಾಕು."

"ಹನ್ನೊಂದು ಜನರ ಮುಂದೆ."

"ಹನ್ನೊಂದು ಜನರ ಮುಂದೆ. ಎಲ್ಲರೂ ನೋಡಿದರು. ಹಿರಿಯರು 'ಉಸಿರಿದೆ, ಉಸಿರಿದೆ' ಅಂದರು. ಫೆಂಗ್‌ಯಿ ಕುಸಿದು ಕೂತು ಅತ್ತಳು. ಸಂತೋಷಕ್ಕೆ. ಅದನ್ನ ನೋಡಿ ನನಗೆ..." ಅವಳು ತಲೆಯಾಡಿಸಿದಳು. "ಮಾರನೇ ದಿನ ಬೆಳಗ್ಗೆ ಹುಳು ಹುಲ್ಲು ಹತ್ತೋಕೆ ಶುರುವಾದವು. ಆಮೇಲೆ ಹಾಸಿಗೆ ಹಾಸಿ, ಒಳ್ಳೇ ಬಟ್ಟೆ ಉಡಿಸಿ, ಹಿರಿಯರನ್ನ ನಾನೇ ಕರೆಸಿದೆ. ಆ ಸಲ ಅರಳೆಗೆ ಏನೂ ಕಟ್ಟಲಿಲ್ಲ."

ಇಷ್ಟೇ. ಯಾವೋಳ ಎದೆಯ ಮೇಲಿನ ಕಲ್ಲೊಂದು ಜರುಗಿತು. ಕೊಲೆಯಲ್ಲ. ಸಾಯುವವಳು ಕೇಳಿಕೊಂಡದ್ದನ್ನು ಬದುಕಿರುವವಳು ನಡೆಸಿಕೊಟ್ಟಿದ್ದಳು, ಒಂದು ದಿನ ಅಳುವನ್ನು ನುಂಗಿಕೊಂಡು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಗಡೀಪಾರು ಎಂದು ಬರೆದಿತ್ತು. ಅದನ್ನು ಬರೆದವನು ಹುಳು ಸಾಕಿರಲಿಕ್ಕಿಲ್ಲ.

"ಅತ್ತೆ ನಿನಗೆ ಅಕ್ಷರ ಕಲಿಸಿದ್ದರಂತೆ, ಹೌದಾ?" ಎಂದಳು, ಅವಳು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು.

"ಒಲೆಯ ಬೂದಿಯಲ್ಲಿ ಬರೆಸ್ತಿದ್ದರು. ರೇಷ್ಮೆ ಸೇರಿದ ಅಕ್ಷರ ಮಾತ್ರ. ಓದಿದವರ ಅರ್ಧ ಮಾತು ನಮ್ಮ ನೂಲಿಂದಲೇ ಹುಟ್ಟಿದ್ದು ಕಣೆ ಅಂತ ಅವರಿಗೆ ಜಂಬ. ಕೊನೆ ಅಂತ ಬರೆಯೋಕೂ ಎಡಗಡೆ ರೇಷ್ಮೆಯ ಗುರುತು ಬೇಕು, ಮುಂದುವರಿ ಅಂತ ಬರೆಯೋಕೂ ಎಡಗಡೆ ರೇಷ್ಮೆ ಬೇಕು. 'ಬಲಗಡೆ ಏನು ಬರೀತೀಯ ನೋಡಿಕೋ' ಅನ್ನೋರು." ಅವಳ ತುಟಿಯಲ್ಲಿ ನಗು ಬರಲು ಹೋಗಿ ಬರಲಿಲ್ಲ. "ನನ್ನನ್ನ ಹಿಡ್ಕೊಂಡು ಹೋಗ್ತಾರಾ ಅಮ್ಮ?"

"ನೋಡೋಣ. ಆ ಹುಡುಗ ಕೆಟ್ಟವನಲ್ಲ. ಮೊದಲು ನನಗೊಂದು ತೋರಿಸು. ಸುಳ್ಳು ಹೇಳಬೇಕಾದರೂ ನಿಜ ಪೂರ್ತಿ ಗೊತ್ತಿರಬೇಕು."

ಯಾವೋ ಖಾಲಿ ಬುಟ್ಟಿಗಳನ್ನು ಪಕ್ಕಕ್ಕೆ ತಳ್ಳಿ ನೆಲದ ಚಾಪೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಏನು ಮಾಡ್ತಿದ್ದೀರಿ?"

"ಈಗ ನಾನು ನಿಮ್ಮತ್ತೆ. ಮಾತಾಡಿಸಬೇಡ. ಎಳೆ ಇನ್ನೂ ಅರಳೆಯಲ್ಲಿದೆ. ಮೊನ್ನೆ ಮಾಡಿದ ಹಾಗೇ ಮಾಡು."

ರೌನಿಯಾಂಗ್ ಹಿಂಜರಿದಳು. ಆಮೇಲೆ ಅರಳೆ ತೆಗೆದು ಯಾವೋಳ ಮೂಗಿನ ಕೆಳಗೆ ಇಟ್ಟಳು. ಎಳೆಯ ತುದಿಯನ್ನು ಕಿರುಬೆರಳಿಗೆ ಸುತ್ತಿಕೊಂಡಳು. ಯಾವೋ ಕಣ್ಣು ಮುಚ್ಚಿ ಉಸಿರು ಹಿಡಿದಳು.

ತುಟಿಯ ಮೇಲೆ ಏನೋ ಹರಿದಾಡಿತು. ಅರಳೆ ಸರ್ರನೆ ಕೆನ್ನೆಯ ಕಡೆಗೆ ಜಾರಿತು.

"ಇನ್ನೊಂದು ಸಲ," ಎಂದಳು ಯಾವೋ.

ಮತ್ತೆ ಅದೇ. ಪಕ್ಕಕ್ಕೆ ಜಾರಿ ಕಿವಿಯ ಹತ್ತಿರ ನಿಂತಿತು. ಮೂರನೆಯ ಸಲ ಅರಳೆ ಬರಲೇ ಇಲ್ಲ. ಯಾವೋ ಕಣ್ಣು ಬಿಟ್ಟಳು.

ರೌನಿಯಾಂಗ್ ಅರಳೆಯನ್ನು ಅಂಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು.

"ಹೀಗಿರಲಿಲ್ಲ," ಎಂದಳು.

"ಹೇಗಿರಲಿಲ್ಲ?"

"ಮೊನ್ನೆ ಪಕ್ಕಕ್ಕೆ ಜಾರಲಿಲ್ಲ. ಮೇಲಕ್ಕೆ ಎದ್ದಿತು. ಎದ್ದು, ಮತ್ತೆ ಕೂತಿತು. ಸ್ವಲ್ಪ ತಡೆದು ಮತ್ತೆ ಎದ್ದಿತು."

ಯಾವೋ ಎದ್ದು ಕೂತಳು. "ನೀನು ಎಳೆದಾಗ?"

"ನಾನು..." ಅವಳು ತನ್ನ ಕಿರುಬೆರಳನ್ನು ಯಾರದೋ ಬೆರಳೆಂಬಂತೆ ನೋಡಿದಳು. "ಎಳೀಬೇಕು ಅಂದುಕೊಂಡೆ. ಧೈರ್ಯ ಸಾಲ್ತಿರಲಿಲ್ಲ. ಅಷ್ಟರಲ್ಲಿ ಅದು ಅಲ್ಲಾಡಿತು. ನನ್ನ ಕೈ ನಡುಗ್ತಿತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ನಾನು ಎಳೀಲೇ ಇಲ್ಲ ಅಮ್ಮ."

ಕಾಗದದಾಚೆ ಸಾವಿರಾರು ಹುಳುಗಳು ತಮ್ಮ ಸುತ್ತ ನೂಲು ಸುತ್ತಿಕೊಳ್ಳುತ್ತಿದ್ದವು. ಆ ಕೆಲಸಕ್ಕೆ ಸದ್ದಿಲ್ಲ.

ತಣ್ಣಗಾದ ಕೈಕಾಲು, ಸಿಗದ ನಾಡಿ. ಹುಟ್ಟಿದ ಕೂಸುಗಳಲ್ಲಿ ಯಾವೋ ಇದನ್ನು ನೋಡಿದ್ದಳು. ನೀಲಿಯಾಗಿ, ಕಲ್ಲಿನಂತೆ ಬಿದ್ದಿದ್ದ ಕೂಸು ಬೆನ್ನು ಉಜ್ಜಿದಾಗ ಕಿರುಚಿಕೊಂಡದ್ದು ಒಂದೆರಡು ಸಲವಲ್ಲ. ಎಪ್ಪತ್ತೊಂದರ ಮುದುಕಿಯಲ್ಲೂ ಜೀವ ಹಾಗೆ ಒಳಕ್ಕೆ ಸರಿದು ಕೂರಬಹುದು.

ರೌನಿಯಾಂಗ್‌ಗೂ ಅರ್ಥವಾಯಿತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಬಂತು.

"ಹಾಗಾದರೆ ಬದುಕಿದ್ದವರನ್ನ ಬಿಟ್ಟು ಬಂದೆನಾ? ಗಂಜಿ ಇಲ್ಲದೆ, ನೀರಿಲ್ಲದೆ... ಬಾಗಿಲಿಗೆ ಅಗುಳಿ ಹಾಕಿ..."

"ತಡಿ. ತಡಿಯವ್ವಾ."

"ಮುಖಕ್ಕೆ ಬಟ್ಟೆ ಹಾಕಿದ್ದೆ ಅಮ್ಮ! ಎಲ್ಲರೂ ಹೋದ ಮೇಲೆ. ಮುಖ ಹಾಗೇ ತೆರೆದು ಬಿಡೋಕೆ ಮನಸ್ಸಾಗಲಿಲ್ಲ. ಬಿಳೀ ರೇಷ್ಮೆ ಚೌಕ, ನಾನೇ ನೇಯ್ದದ್ದು. ಮುಖಕ್ಕೆ ಹಾಕಿ, ಕೈ ಮುಗಿದು, ಹುಳು ಹತ್ರ ಹೋದೆ."

"ತೆಳು ರೇಷ್ಮೆ ತಾನೆ? ಅದರಿಂದ ಯಾರ ಉಸಿರೂ ಕಟ್ಟಲ್ಲ. ಅದು ನನ್ನ ಮಾತು, ನಂಬು." ಯಾವೋ ಅವಳ ಎರಡೂ ತೋಳು ಹಿಡಿದಳು. "ಸಂಜೆ ಹೋಗಿ ನೋಡಿದಾಗ ಹೇಗಿದ್ದರು? ಸರಿಯಾಗಿ ನೆನಪು ಮಾಡ್ಕೋ."

"ಹಾಗೇ ಇದ್ದರು. ತಣ್ಣಗೆ. ಆದರೆ ಬಟ್ಟೆ ಮುಖದ ಮೇಲಿರಲಿಲ್ಲ. ಮಡಿಸಿ ದಿಂಬಿನ ಪಕ್ಕ ಇಟ್ಟಿತ್ತು. ಅಗುಳಿ ತೆಗೆದಿತ್ತು."

"ಯಾರು ಹೋಗಿದ್ದರು ಒಳಗೆ?"

ರೌನಿಯಾಂಗ್ ಉತ್ತರ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದಳು. ಎರಡು ದಿನದಿಂದ ಒಂದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದ ಮಾತೊಂದು ಅವಳ ತಲೆಯಲ್ಲಿ ಮಗುಚಿಕೊಳ್ಳುತ್ತಿದ್ದುದು ಕಣ್ಣಿಗೆ ಕಾಣುವಂತಿತ್ತು.

"ಫೆಂಗ್‌ಯಿ," ಎಂದಳು. "ಅಂಗಳದಲ್ಲಿ ಸಿಕ್ಕಳು. ಮುಖ ಹೇಗೋ ಇತ್ತು. ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, 'ಅತ್ತಿಗೆ, ಅಮ್ಮ ಮಾತಾಡಿದಳು. ನನ್ನ ಮುಖಕ್ಕೆ ಬಟ್ಟೆ ಹಾಕಿದ್ದು ಯಾರು ಅಂತ ಕೇಳಿದಳು.'"

ಯಾವೋಳ ಕೈ ಸಡಿಲವಾಯಿತು.

"ನಾನು ಹೆದರಿಕೆ ಹಾಕ್ತಿದ್ದಾಳೆ ಅಂದುಕೊಂಡೆ. ಒಳಗೆ ಹೋಗಿ ಬಟ್ಟೆ ನೋಡಿದ್ದಾಳೆ, ನನ್ನ ಗುಟ್ಟು ಗೊತ್ತಾಗಿದೆ, ಚುಚ್ಚಿ ಹೇಳ್ತಿದ್ದಾಳೆ ಅಂತ. ಕಾಲು ಹಿಡಿಯೋಣ ಅಂದುಕೊಂಡೆ. ಅವಳು ನಿಲ್ಲಲಿಲ್ಲ." ರೌನಿಯಾಂಗ್‌ಳ ಕಣ್ಣು ಅಗಲವಾದವು. "ನಿಜವಾಗಲೂ ಕೇಳಿದರಾ ಅಮ್ಮ? ಅತ್ತೆ ಎದ್ದು ಕೇಳಿದರಾ?"

ಯಾವೋ ಮಂಡಿ ನೋವು ಮರೆತು ಎದ್ದು ಬಾಗಿಲಿಗೆ ಹೋದಳು. ಫೆಂಗ್‌ಯಿ ಕೊಟ್ಟ ದೂರನ್ನು ಅವಳು ಬೆಳಗ್ಗೆ ಎರಡು ಸಲ ಓದಿಸಿಕೊಂಡು ಕೇಳಿದ್ದಳು. ಅಗುಳಿಯ ಮಾತು ಅದರಲ್ಲಿತ್ತು. ಅತ್ತಿಗೆಯ ಮಾತಿತ್ತು. ಅಮ್ಮ ಕಣ್ಣುಬಿಟ್ಟು ಮಾತಾಡಿದಳೆಂಬ ಒಂದು ಅಕ್ಷರವೂ ಇರಲಿಲ್ಲ.

*

ಅಂಗಳದ ನಡುವೆ ಕುವಾಂಗ್ ಎದುರಾದ. ಕುಂಚ, ಕಾಗದ ಎಲ್ಲ ಕಟ್ಟಿ ಕಂಕುಳಲ್ಲಿಟ್ಟುಕೊಂಡಿದ್ದ.

"ಒಳ್ಳೇದಾಯ್ತು ಬಂದಿರಿ. ಮುಗೀತು. ಮಗಳು ದೂರು ವಾಪಸ್ ತಗೊಂಡಳು."

"ಏನಂದಿರಿ?"

"ನಾನೂ ಹಾಗೇ ಕೇಳಿದೆ. ದುಃಖದಲ್ಲಿ ಬಾಯಿ ತಪ್ಪಿತು, ಅಮ್ಮ ತಾನಾಗೇ ಹೋದಳು, ಅತ್ತಿಗೆ ತಪ್ಪೇನೂ ಇಲ್ಲ ಅಂತ ಹೆಬ್ಬೆಟ್ಟು ಒತ್ತಿಕೊಟ್ಟಳು. ದೂರೇ ಇಲ್ಲದ ಮೇಲೆ ಚಾಪೆ ಗುರುತಿಂದ ನಮಗೇನಾಗಬೇಕು? ನಿಮ್ಮ ಹುಡುಗಿ ಉಳಿದಳು ಬಿಡಿ."

"ಯಾವಾಗ ವಾಪಸ್ ತಗೊಂಡಿದ್ದು?"

"ನೀವು ಅರಳೆ ಹಿಡ್ಕೊಂಡು ಸೊಪ್ಪಿನ ಕೋಣೆಗೆ ಹೋದಿರಲ್ಲ, ಅದರ ಬೆನ್ನಿಗೇ."

ಹಜಾರದಿಂದ ಸುತ್ತಿಗೆಯ ಮೊದಲ ಪೆಟ್ಟು ಕೇಳಿಸಿತು.

ಯಾವೋ ಓಡಿದಳು. ಐವತ್ತೆಂಟರ ಹೆಂಗಸು ಸಾವಿನ ಮನೆಯಲ್ಲಿ ಓಡುವುದನ್ನು ನೋಡಿ ನೆಂಟರು ದಾರಿ ಬಿಟ್ಟರು. ಮುಚ್ಚಳ ಬಿದ್ದಿತ್ತು. ಬಡಗಿ ಎರಡನೆಯ ಮೊಳೆ ಇಟ್ಟು ಸುತ್ತಿಗೆ ಎತ್ತಿದ್ದ.

"ನಿಲ್ಲಿಸು!"

ಬಡಗಿ ನಿಂತ. ಫೆಂಗ್‌ಯಿ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ತಲೆ ಎತ್ತಲಿಲ್ಲ.

ಯಾವೋ ಅವಳ ಪಕ್ಕಕ್ಕೆ ಹೋಗಿ ಬಗ್ಗಿದಳು. ಏದುಸಿರು ತಡೆದುಕೊಂಡು, ಬೇರೆಯವರಿಗೆ ಕೇಳಿಸದಂತೆ ಕೇಳಿದಳು: "ಮೊನ್ನೆ ಸಂಜೆ ನಿಮ್ಮಮ್ಮ ಏನು ಮಾತಾಡಿದರು ಮಗಳೇ?"

ಫೆಂಗ್‌ಯಿಯ ಅಂಗೈಗಳು ಮರದ ಮೇಲೆ ಇನ್ನಷ್ಟು ಒತ್ತಿಕೊಂಡವು. ಅವಳು ಉತ್ತರಿಸಿದಾಗ ಆ ದನಿಯಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ; ನೂರು ಮೈಲಿ ನಡೆದು ಬಂದವರ ದಣಿವಿತ್ತು.

"ಅತ್ತಿಗೆಗೆ ಹೇಳಬೇಡಿ ಅಜ್ಜಿ. 'ಸಾಕು, ನನ್ನನ್ನ ಕಳಿಸಿಬಿಡು' ಅಂದಳು ಅಮ್ಮ. ಕೇಳಿಕೊಂಡದ್ದನ್ನೇ ನಾನು ಮಾಡಿದ್ದು," ಎಂದಳು. "ಆದರೆ ಕೇಳಿಕೊಂಡಿದ್ದು ನನ್ನನ್ನಲ್ಲ. ಕಣ್ಣು ಮಂಜಾಗಿತ್ತು. ಕೈ ಹಿಡ್ಕೊಂಡು, ರೌನಿಯಾಂಗ್ ಅಂತ ಕರೆದಳು."